ಈಗಿನ ಸಂಬಳವನ್ನು ಏಜೆನ್ಸಿಯವರಿಗೆ ನಿಜ ಹೇಳಿದವರು, ಹೇಳದವರು: ಅನುಭವ ತಿಳಿಸಿ

ಪ್ರಶ್ನೆ: ನನ್ನ ಈಗಿನ ಸಿಟಿಸಿ (ಕಂಪನಿ ನನಗಾಗಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ) 9 ಲಕ್ಷ ರೂಪಾಯಿ. ನೇಮಕಾತಿ ಏಜೆನ್ಸಿಯವರು 12 ಲಕ್ಷ ಎಂದು ಹೇಳಿಕೊಳ್ಳುವಂತೆಯೂ, ಮೂರೇ ತಿಂಗಳಲ್ಲಿ ಬಿಟ್ಟ ಹಿಂದಿನ ಕೆಲಸವನ್ನು ರೆಸ್ಯೂಮೆಯಿಂದ ತೆಗೆಯುವಂತೆಯೂ ಸೂಚಿಸುತ್ತಿದ್ದಾರೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮಾರತ್ತಹಳ್ಳಿಯಿಂದ: 2019ರಲ್ಲಿ ನಾನೂ ನಾಲ್ಕು ತಿಂಗಳ ಕೆಲಸವೊಂದನ್ನು ಮುಚ್ಚಿಟ್ಟಿದ್ದೆ. ಹೊಸ ಕಂಪನಿಯವರು ಬೇಗ ಬನ್ನಿ ಎಂದು ಅವಸರಿಸಿದ್ದರಿಂದ 90 ದಿನಗಳ ನೋಟಿಸ್ ಅವಧಿಯಲ್ಲಿ 45 ದಿನಗಳಿಗೆ 87,000 ರೂಪಾಯಿ ಕಟ್ಟಿ ಹೊರಬಂದೆ. ಆಫೀಸಿಗೆ ಹತ್ತಿರವಾಗಲೆಂದು ಬೆಳ್ಳಂದೂರಿಗೆ ಮನೆ ಬದಲಿಸಿದಾಗ ಹಳೆಯ ಮಾಲೀಕರು ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆ 16,000 ರೂಪಾಯಿಯನ್ನು ಮುಂಗಡದಲ್ಲಿ ಹಿಡಿದುಕೊಂಡರು. ಸೇರಿದ ಹನ್ನೊಂದನೆಯ ದಿನ ಹಿನ್ನೆಲೆ ಪರಿಶೀಲನೆಯವರು ಯುಎಎನ್ (ಎಲ್ಲ ಕೆಲಸಗಳಿಗೂ ಒಂದೇ ಇರುವ ಪಿಎಫ್ ಸಂಖ್ಯೆ) ಸೇವಾ ವಿವರವನ್ನು ಕೇಳಿದರು. ಪಿಎಫ್ ಪಾಸ್‌ಬುಕ್‌ನಲ್ಲಿ ಆ ನಾಲ್ಕು ಕಂತುಗಳೂ ಸಾಲಾಗಿ ಕುಳಿತಿದ್ದವು. ಸಂಜೆಯೊಳಗೆ ಲ್ಯಾಪ್‌ಟಾಪನ್ನೂ ಗುರುತಿನ ಚೀಟಿಯನ್ನೂ ತೆಗೆದುಕೊಂಡು, ಕೊರಳಿನ ಖಾಲಿ ಟ್ಯಾಗನ್ನು ಮಾತ್ರ ನನಗೆ ಬಿಟ್ಟರು.

ಜಯನಗರದಿಂದ: ಸತ್ಯ ಹೇಳಿದವಳ ಪಾಡನ್ನೂ ಕೇಳಿ. 8.4 ಲಕ್ಷವೆಂದು ಪೇಸ್ಲಿಪ್ ಸಮೇತ ಒಪ್ಪಿಸಿದೆ. ಈಗಿನ ಸಂಬಳದ ಮೇಲೆ ಶೇಕಡಾ 30ಕ್ಕಿಂತ ಹೆಚ್ಚು ಕೊಡುವ ಪದ್ಧತಿಯಿಲ್ಲವೆಂದು 10.9 ಲಕ್ಷಕ್ಕೆ ನಿಲ್ಲಿಸಿದರು. ಅದರಲ್ಲಿಯೂ ಕಂಪನಿಯ ಪಾಲಿನ ಪಿಎಫ್ ಜೊತೆಗೆ ಮೂಲವೇತನದ ಶೇಕಡಾ 4.81ರಷ್ಟು ಗ್ರಾಚ್ಯುಟಿ, ಅಂದರೆ ಐದು ವರ್ಷ ದುಡಿಯದೆ ಕೈಗೆ ಬಾರದ ಹಣವೂ ಸೇರಿತ್ತು. ಪಕ್ಕದ ಮೇಜಿನವರಿಗೆ ಅದೇ ಕೆಲಸಕ್ಕೆ 15 ಲಕ್ಷ. ಬಜೆಟ್ ಎಷ್ಟೆಂದು ನಾನು ಮೂರು ಸಲ ಕೇಳಿದ್ದೆ. ಮೂರು ಸಲವೂ ‘ನಿಮ್ಮ ನಿರೀಕ್ಷೆ ಹೇಳಿ ಮೇಡಂ’ ಎಂದರು. ಪ್ರಾಮಾಣಿಕತೆ ನಮ್ಮ ಕಡೆಯಿಂದ ಮಾತ್ರ ಏಕೆ ಬೇಕು?

ನೇಮಕಾತಿ ಕೆಲಸದವರು: ಹನ್ನೊಂದು ವರ್ಷಗಳಿಂದ ಇದೇ ಕೆಲಸದಲ್ಲಿರುವ ನನಗೆ ಈ ಮಾತು ನೋವು ತಂದಿದೆ. ಸೇರಬೇಕಾದ ದಿನ ಬೆಳಿಗ್ಗೆ ಒಂಬತ್ತಕ್ಕೆ ‘ಹೊರಟಿದ್ದೇನೆ ಸರ್’ ಎಂದು ಮೆಸೇಜ್ ಹಾಕಿ, ಹತ್ತಕ್ಕೆ ಫೋನ್ ಸ್ವಿಚ್ ಆಫ್ ಮಾಡಿದ ಮೂವರನ್ನು ಕಳೆದ ತಿಂಗಳೊಂದರಲ್ಲೇ ಕಂಡಿದ್ದೇನೆ. ಅವರು ಸೇರದಿದ್ದರೆ ನಮಗೆ ಒಂದು ರೂಪಾಯಿಯೂ ಹುಟ್ಟುವುದಿಲ್ಲ.

ಜಯನಗರದಿಂದ: ಸೇರಿದರೆ ವಾರ್ಷಿಕ ಸಂಬಳದ ಶೇಕಡಾ 8.33 ನಿಮ್ಮದಲ್ಲವೇ? ಹಾಗಾದರೆ 12 ಲಕ್ಷ ಎಂದು ಹೇಳಿಸುವುದು ಯಾರ ಹಿತಕ್ಕೆ ಎಂಬುದನ್ನೂ ತಿಳಿಸಿ.

ನೇಮಕಾತಿ ಕೆಲಸದವರು: ಕಮಿಷನ್ ಎಲ್ಲ ಕಡೆಯೂ ಒಂದೇ ಅಲ್ಲ, ನಾನು ಯಾರಿಂದಲೂ ಸುಳ್ಳು ಹೇಳಿಸಿಲ್ಲ. ಪೇಸ್ಲಿಪ್, ಫಾರ್ಮ್ 16 (ಸಂಬಳದ ತೆರಿಗೆ ಪ್ರಮಾಣಪತ್ರ) ಕೇಳುವ ಕಡೆ ಆ 12 ಲಕ್ಷ ಒಂದು ವಾರವೂ ನಿಲ್ಲದು. ಅಂದಹಾಗೆ, 87,000 ಕಟ್ಟಿದವರು ಮೋಸ ಹೋಗಿದ್ದಾರೆ. ಮೂಲವೇತನದ ಲೆಕ್ಕದಲ್ಲಿ ಕಟ್ಟಬೇಕಿತ್ತು.

ಮಾರತ್ತಹಳ್ಳಿಯಿಂದ: ನನ್ನ ನೇಮಕಾತಿ ಪತ್ರದ ಏಳನೆಯ ಷರತ್ತಿನಲ್ಲಿ ಒಟ್ಟು ವೇತನ ಎಂದೇ ಇತ್ತು, ಸ್ವಾಮಿ. ತಿಂಗಳಿಗೆ 58,000ದಂತೆ ಒಂದೂವರೆ ತಿಂಗಳು. ನೀವೇ ಗುಣಿಸಿ ನೋಡಿ. ಆ ನಾಲ್ಕು ತಿಂಗಳನ್ನು ಮುಚ್ಚಿಡಿ ಎಂದು ಹೇಳಿಕೊಟ್ಟವರೂ ಏಜೆನ್ಸಿಯವರೇ. ಈ ಲೆಕ್ಕವನ್ನು ಮಾತ್ರ ಆಗ ಯಾರೂ ಹೇಳಿಕೊಡಲಿಲ್ಲ.