ತೆಂಗಿನ ಮರ ಹತ್ತಿದ ಬೆಕ್ಕಿಗೆ ದೋಟಿ ಬೇಡ

ಪಲ್ಲವಿ, ಮನೆಯವರ ಗ್ರೂಪಿನಲ್ಲಿ ನಿನ್ನ ವಿಡಿಯೋ ನೋಡಿದೆ. ನಿನ್ನೆ ಸಂಜೆ ನಾಯಿ ಅಟ್ಟಿಸಿಕೊಂಡು ಬಂತು, ಚಿನ್ನು ಬಾವಿಕಟ್ಟೆ ಪಕ್ಕದ ತೆಂಗಿನ ಮರ ಹತ್ತಿತು, ಈಗ ಮಡಲಿನ ಮಧ್ಯೆ ಕೂತು ಕೂಗುತ್ತಿದೆ. ಅಷ್ಟೇ ಅಲ್ವಾ? ಟೈಪ್ ಮಾಡುತ್ತಾ ಕೂತರೆ ತಡವಾಗುತ್ತದೆ, ಅದಕ್ಕೆ ವಾಯ್ಸ್ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಪೂರ್ತಿ ಕೇಳಿ.

ಮೊದಲು ಶಂಕರ ಮಾವನಿಗೆ ಹೇಳುತ್ತೇನೆ. ಮಾವ, ದೋಟಿಯಲ್ಲಿ, ಅಂದರೆ ಅಡಿಕೆ ಕೊಯ್ಯುವ ಉದ್ದ ಕೋಲಿನಲ್ಲಿ, ತಿವಿದು ಇಳಿಸುತ್ತೇನೆ ಅಂದಿರಿ. ದಯವಿಟ್ಟು ಬೇಡ. ವಿಡಿಯೋದಲ್ಲಿ ಮರದ ಹಿಂದೆಯೇ ಕರೆಂಟ್ ತಂತಿ ಕಾಣುತ್ತಿದೆ. ಅಲ್ಯೂಮಿನಿಯಂ ದೋಟಿ ಅಪಾಯ ಅಂತ ಎಲ್ಲರಿಗೂ ಗೊತ್ತು. ಆದರೆ ನಿಮ್ಮ ಹೊಸ ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟ್ ಹರಿಯುತ್ತದೆ. ಹಗುರ ಇದೆ, ಕಬ್ಬಿಣ ಅಲ್ಲ, ಹಾಗಾಗಿ ಏನೂ ಆಗಲ್ಲ ಅಂತ ತುಂಬಾ ಜನ ನಂಬಿಕೊಂಡಿದ್ದಾರೆ. ಒದ್ದೆಯಾದ ಬಿದಿರೂ ಅಷ್ಟೇ. ಅಲ್ಲದೆ ಕೆಳಗಿನಿಂದ ತಿವಿದರೆ ಬೆಕ್ಕು ಇಳಿಯುವುದಿಲ್ಲ, ಇನ್ನೂ ಮೇಲಕ್ಕೆ ಹೋಗುತ್ತದೆ, ಇಲ್ಲವೇ ಗಾಬರಿಯಲ್ಲಿ ಹಾರುತ್ತದೆ. ಕಲ್ಲು, ನೀರಿನ ಪೈಪು, ಅಭಿಯ ಪಟಾಕಿ ಐಡಿಯಾ, ಎಲ್ಲದರ ಗತಿಯೂ ಇದೇ.

ಹಾರಿದರೂ ನಾಲ್ಕು ಕಾಲಲ್ಲೇ ಬೀಳುತ್ತದೆ ಅಂತ ಯಾರೋ ಬರೆದಿದ್ದೀರಿ. ಬೆಕ್ಕು ಗಾಳಿಯಲ್ಲಿ ತಿರುಗಿಕೊಳ್ಳುವುದು ನಿಜ. ನ್ಯೂಯಾರ್ಕಿನ ಪಶುವೈದ್ಯರು ಮಹಡಿಯಿಂದ ಬಿದ್ದ 132 ಬೆಕ್ಕುಗಳ ಬಗ್ಗೆ 1987ರಲ್ಲಿ ಬರೆದಿದ್ದರು. ಚಿಕಿತ್ಸೆ ಕೊಟ್ಟವುಗಳಲ್ಲಿ ನೂರಕ್ಕೆ ತೊಂಬತ್ತು ಬದುಕಿದವು. ಆದರೆ ಎದೆಗೆ ಪೆಟ್ಟು, ದವಡೆ ಮುರಿತ, ಕಾಲು ಮುರಿತ ಬೇಕಾದಷ್ಟಿತ್ತು. ಬಿದ್ದಲ್ಲೇ ಸತ್ತದ್ದನ್ನು ಆಸ್ಪತ್ರೆಗೆ ಯಾರೂ ತರುವುದಿಲ್ಲವಲ್ಲ, ಅವು ಆ ಲೆಕ್ಕದಲ್ಲೇ ಇಲ್ಲ.

ಅದು ಯಾಕೆ ಇಳಿಯುತ್ತಿಲ್ಲ ಅಂದರೆ, ಉಗುರು ಕೊಕ್ಕೆಯ ಹಾಗೆ ಹಿಂದಕ್ಕೆ ಬಾಗಿರುತ್ತದೆ. ಹತ್ತುವಾಗ ಮೈಭಾರ ಆ ಕೊಕ್ಕೆಯ ಮೇಲೆ ನಿಲ್ಲುತ್ತದೆ. ತಲೆ ಕೆಳಗೆ ಮಾಡಿದರೆ ಅದೇ ಉಗುರು ಹಿಡಿಯುವುದಿಲ್ಲ, ಜಾರುತ್ತದೆ. ಅಳಿಲು ಹಿಂಗಾಲಿನ ಪಾದವನ್ನೇ ಹಿಂದಕ್ಕೆ ತಿರುಗಿಸಿಕೊಂಡು ಇಳಿಯುತ್ತದೆ, ಬೆಕ್ಕಿಗೆ ಅದು ಬರುವುದಿಲ್ಲ. ಬಾಲ ಕೆಳಗೆ ಮಾಡಿಕೊಂಡು ಹಿಂದಕ್ಕೆ ಇಳಿಯಬೇಕು. ಕೆಲವು ಬೆಕ್ಕು ಅದನ್ನು ಕಲಿಯುತ್ತವೆ, ಕೆಲವು ಕಲಿಯುವುದೇ ಇಲ್ಲ. ಮಾವಿನ ಮರವೋ ಹಲಸಿನ ಮರವೋ ಆಗಿದ್ದರೆ ಕೊಂಬೆಯಿಂದ ಕೊಂಬೆಗೆ ಇಳಿಯುತ್ತಿತ್ತು, ನಾನೂ ಸುಮ್ನೆ ಬಿಡಿ ಅನ್ನುತ್ತಿದ್ದೆ. ತೆಂಗಿನ ಮರದಲ್ಲಿ ನಡುವೆ ನಿಲ್ಲಲು ಜಾಗವೇ ಇಲ್ಲ. ಮಳೆಗೆ ಪಾಚಿ ಬೇರೆ ಕಟ್ಟಿದೆ.

ಈಗ ಮಾಡಬೇಕಾದ್ದು ಕೇಳು. ನಾಯಿಯನ್ನು ಕೊಟ್ಟಿಗೆಯ ಆಚೆ ಕಟ್ಟಿ ಹಾಕಿ. ಮಕ್ಕಳನ್ನು ಒಳಗೆ ಕಳಿಸಿ. ಮರದ ಬುಡದಲ್ಲಿ ನಿಲ್ಲಬೇಡಿ, ಬೆಕ್ಕು ಓಡಾಡಿದರೆ ಒಣ ಮಡಲೋ ಕಾಯಿಯೋ ತಲೆ ಮೇಲೆ ಬೀಳಬಹುದು. ಪಕ್ಕದ ಮನೆಯಿಂದ ಒಣ ಮೀನಿನ ಎರಡು ತುಂಡು ಕೇಳಿ, ಬಿಸಿ ಮಾಡಿ ಸ್ವಲ್ಪ ದೂರದಲ್ಲಿ ಇಡಿ. ‘ನಮ್ಮ ಮನೆಯಲ್ಲಿ ಮೀನಾ?’ ಅಂತ ಅತ್ತೆ ಕೇಳುತ್ತಾರೆ, ಒಂದು ದಿನದ ಮಟ್ಟಿಗೆ ಒಪ್ಪಿಸು. ಮಜ್ಜಿಗೆ ಅನ್ನದ ವಾಸನೆ ಅಷ್ಟು ಎತ್ತರಕ್ಕೆ ಹೋಗುವುದಿಲ್ಲ. ದಿನಾ ಅನ್ನ ಹಾಕುವ ನೀನೊಬ್ಬಳೇ ಮೆಲ್ಲಗೆ ಕರೆಯುತ್ತಾ ಇರು.

ಇದು ಮಧ್ಯಾಹ್ನದವರೆಗೆ. ಅಷ್ಟರೊಳಗೆ ಇಳಿಯದಿದ್ದರೆ, ಅಥವಾ ಕಾಗೆಗಳು ಕುಕ್ಕಲು ಶುರು ಮಾಡಿದರೆ, ಇನ್ನು ಕಾಯಬೇಡಿ. ಎರಡು ಮೂರು ದಿನ ಏನೂ ತಿನ್ನದಿದ್ದರೆ ಬೆಕ್ಕಿನ ಲಿವರ್‌ನಲ್ಲಿ ಕೊಬ್ಬು ತುಂಬಿ ಕಾಯಿಲೆ ಬೀಳುತ್ತದೆ, ಅದರಲ್ಲೂ ಚಿನ್ನುವಿನಂಥ ದಪ್ಪ ಬೆಕ್ಕಿಗೆ. ಕಾಯಿ ಕೀಳುವವರನ್ನು ಈಗಲೇ ಮಾತಾಡಿಸಿ ಇಡಿ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಮೆಷಿನ್‌ನಲ್ಲಿ ಮರ ಹತ್ತುವ ತರಬೇತಿ ಕೊಡುತ್ತಿದೆ, ಹಾಗೆ ಕಲಿತವರು ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ 112ಕ್ಕೆ ಫೋನ್ ಮಾಡಿ ಅಗ್ನಿಶಾಮಕದವರನ್ನು ಕೇಳಿ. ಯಾರೇ ಹತ್ತುವುದಾದರೂ ಮೊದಲು ಲೈನ್‌ಮ್ಯಾನ್‌ಗೆ ಅಥವಾ ಕರೆಂಟ್ ಕಂಪನಿ ಮೆಸ್ಕಾಂನ 1912 ನಂಬರಿಗೆ ಹೇಳಿ ಲೈನ್ ಆಫ್ ಮಾಡಿಸಿ. ಮಳೆ ಬರುತ್ತಿದ್ದರೆ ಹತ್ತಿಸಲೇಬೇಡಿ. ಅಭಿ, ನೀನಂತೂ ಹತ್ತಬಾರದು. ಅಡಿಕೆ ಮರ ಹತ್ತಿದ ಅನುಭವ ಇಲ್ಲಿ ಸಾಲದು, ಇಲ್ಲಿ ಒಂದು ಕೈಯಲ್ಲಿ ಪರಚುವ ಬೆಕ್ಕು ಇರುತ್ತದೆ.

ಹತ್ತುವವರಿಗೆ ಇದನ್ನು ಹೇಳು. ತುಂಬು ತೋಳಿನ ದಪ್ಪ ಅಂಗಿ ಹಾಕಿರಲಿ. ಬೆಕ್ಕಿನ ಸ್ವಲ್ಪ ಕೆಳಗೆ ನಿಂತು, ಅದು ಕೂಗು ನಿಲ್ಲಿಸುವವರೆಗೆ ಕಾಯಲಿ. ಅವಸರ ಮಾಡಿದರೆ ಮಡಲಿನ ತುದಿಗೆ ಹೋಗಿ ಕೂರುತ್ತದೆ. ಗಟ್ಟಿ ದಿಂಬಿನ ಕವರನ್ನು ಒಳಗಿನದು ಹೊರಗೆ ಮಾಡಿ ಕೈಗೆ ಹಾಕಿಕೊಂಡು, ಆ ಕೈಯಲ್ಲೇ ಕುತ್ತಿಗೆಯ ಹಿಂದಿನ ಚರ್ಮ ಹಿಡಿಯಬೇಕು. ಆಮೇಲೆ ಕವರನ್ನು ಬೆಕ್ಕಿನ ಮೇಲೆ ಮಗುಚಿ ಎಳೆದರೆ ಬೆಕ್ಕು ಒಳಗೆ ಬಂತು. ಕವರಿನ ಬಾಯಿ ಕಟ್ಟಿ ಹಗ್ಗದಲ್ಲಿ ಇಳಿಸಲಿ. ಎದೆಗೆ ಅವುಚಿಕೊಂಡು ಇಳಿಯಬಾರದು. ಕೆಳಗೆ ಹಿಡಿದುಕೊಂಡವರು ಅಂಗಳದಲ್ಲೇ ಗಂಟು ಬಿಚ್ಚಬೇಡಿ, ಪಕ್ಕದ ಮರಕ್ಕೆ ಓಡುತ್ತದೆ! ಒಂದು ಕೋಣೆಗೆ ತೆಗೆದುಕೊಂಡು ಹೋಗಿ, ಬಾಗಿಲು ಹಾಕಿ ಬಿಚ್ಚಿ. ನೀರು ಕೊಡಿ, ಊಟ ಸ್ವಲ್ಪ ಸ್ವಲ್ಪವೇ ಕೊಡಿ. ಕುಂಟಿದರೆ ಅಥವಾ ಬಾಯಿ ತೆರೆದು ಉಸಿರಾಡಿದರೆ ಪಶು ಡಾಕ್ಟರಿಗೆ ತೋರಿಸಿ.

ಯಾರಿಗಾದರೂ ಕಚ್ಚಿದರೆ ಅಥವಾ ಪರಚಿದರೆ ಅರಿಶಿನ ಹಚ್ಚಿ ಕೂರಬೇಡಿ. ಹದಿನೈದು ನಿಮಿಷ ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ರೇಬಿಸ್ ಬೆಕ್ಕಿನಿಂದಲೂ ಬರುತ್ತದೆ.

ಮಾವ, ಇಲಿ ಹತ್ತಬಾರದು ಅಂತ ಮರಕ್ಕೆ ತಗಡು ಸುತ್ತುತ್ತಾರಲ್ಲ, ಆ ಮರಕ್ಕೂ ಒಂದು ಅಗಲದ್ದು ಆಳೆತ್ತರದಲ್ಲಿ ಸುತ್ತಿಸಿಬಿಡಿ. ಕಾಯಿ ಕೀಳುವವರು ಹೇಗೂ ಬಂದಿರುತ್ತಾರೆ, ಅವರ ಕೈಯಲ್ಲೇ ಮಾಡಿಸಿದರಾಯಿತು.