ಅಪ್‌ಡೇಟ್: ಉಳುಕಿದ ಕಾಲು, ಲಂಡನ್–ಬ್ರೈಟನ್ ರೈಡ್
ಹೃದ್ರೋಗ ಸಂಶೋಧನೆಗೆ ದೇಣಿಗೆ ಕೂಡಿಸುವ ಬ್ರಿಟಿಷ್ ಹಾರ್ಟ್ ಫೌಂಡೇಶನ್‌ನ 54 ಮೈಲಿ ಸೈಕಲ್ ರೈಡ್ ಹತ್ತಿರ ಬಂದಾಗಲೇ ಕಾಲು ಉಳುಕಿದೆ, ಮನಸ್ಸು ಕುಗ್ಗದಂತೆ ಏನು ಮಾಡಲಿ ಎಂದು ಇಲ್ಲಿ ಕೇಳಿದ್ದೆ. ಊತ ಇಳಿದಿದೆ, ಸೈಕಲ್ ಹೊಡೆಯಲು ಫಿಸಿಯೋ ಒಪ್ಪಿದ್ದಾರೆ.

ಹೆಚ್ಚು ಉಪಯೋಗಕ್ಕೆ ಬಂದದ್ದು ಪೆಡಲ್ ಬದಲಿಸುವ ಸಲಹೆ. ಕ್ಲಿಪ್‌ಲೆಸ್ ಪೆಡಲ್‌ (ಶೂ ಅಡಿಯನ್ನು ಕಚ್ಚಿ ಹಿಡಿಯುವಂಥದ್ದು) ಬಳಸುತ್ತಿದ್ದೆ; ಅದರಿಂದ ಶೂ ಬಿಡಿಸಲು ಹಿಮ್ಮಡಿಯನ್ನು ಹೊರಕ್ಕೆ ತಿರುಚಬೇಕು. ಉಳುಕಿದ ಲಿಗಮೆಂಟ್‌ಗೆ (ಮೂಳೆಗಳನ್ನು ಜೋಡಿಸುವ ಪಟ್ಟಿ) ಅದೇ ಪೆಟ್ಟು. ಈಗ ಶೂ ಕಚ್ಚದ ಸಾದಾ ಫ್ಲ್ಯಾಟ್ ಪೆಡಲ್. (ಎಡಗಡೆಯ ಪೆಡಲ್‌ನ ಥ್ರೆಡ್ ಉಲ್ಟಾ, ಬಿಚ್ಚಲು ಗಡಿಯಾರದ ದಿಕ್ಕಿಗೇ ತಿರುಗಿಸಿ.) ಶೂ ಅಡಿಯ ದಪ್ಪ ಬದಲಾಗುವುದರಿಂದ ಸೀಟಿನ ಎತ್ತರವನ್ನೂ ಮತ್ತೆ ನೋಡಬೇಕು. ಹಗುರ ಗೇರ್, ಪೆಡಲ್ ನಿಮಿಷಕ್ಕೆ 85–90 ಸುತ್ತು. ಅಭ್ಯಾಸದ ಮರುದಿನ ಬೆಳಿಗ್ಗೆ ಊತ ಕಂಡರೆ ಓಡಿಸುವ ದೂರ ಕಡಿಮೆ ಮಾಡುವುದು.

ದೇಣಿಗೆ ಕೊಟ್ಟವರು ಟೈಮ್ ಕೇಳುವುದಿಲ್ಲವಾದ್ದರಿಂದ ಇಷ್ಟೇ ಹೊತ್ತಿನಲ್ಲಿ ಮುಗಿಸಬೇಕೆಂಬ ಗುರಿ ಕೈಬಿಟ್ಟೆ. ಕೊನೆಯಲ್ಲಿ ಬರುವ ಡಿಚ್ಲಿಂಗ್ ಬೀಕನ್ ಗುಡ್ಡದ ಏರಿನಲ್ಲಿ ಸೈಕಲ್ ತಳ್ಳಿಕೊಂಡೇ ನಡೆಯುವುದು. ಅಲ್ಲಿ ಕಾಲು ಗಟ್ಟಿಯಿದ್ದವರೂ ಬಹಳ ಮಂದಿ ಇಳಿಯುತ್ತಾರೆ.