ಕಾಡು ಮಿಲ್ಕ್‌ವೆಚ್ ಬೀಜ ಮೊಳೆಯುತ್ತಿಲ್ಲ, ಬೆಳೆಸಿದವರು ಸ್ವಲ್ಪ ಹೇಳಿ

ಕೇಳಿದವರು: ಕಾಡು ಮಿಲ್ಕ್‌ವೆಚ್, ಅಂದರೆ ಆಸ್ಟ್ರಾಗಲಸ್ ಗ್ಲೈಸಿಫಿಲೋಸ್, ಇದರ 20 ಬೀಜ ಸಿಕ್ಕಿತ್ತು. ಹತ್ತನ್ನು ಕುಂಡದಲ್ಲಿ ಹಾಕಿ ಎರಡು ತಿಂಗಳಾಯಿತು, ಒಂದೂ ಮೇಲೆ ಬಂದಿಲ್ಲ. ಬೀಜ ಹಾಳಾಗಿದೆಯಾ? ಕುಂಡ ಖಾಲಿ ಮಾಡಲಾ? ಎಲೆ ಸಿಹಿ, ಚಹಾ ಮಾಡಬಹುದು, ಬೇರು ಔಷಧಿಗೆ ಬರುತ್ತದೆ ಎಂದೆಲ್ಲ ಹೇಳುತ್ತಾರೆ. ನಿಜವಾ?

ಮೊದಲು ಬರೆದವರು: ದಯವಿಟ್ಟು ಕುಂಡ ಖಾಲಿ ಮಾಡಬೇಡಿ! ನಾನು ಹಾಗೆ ಮಾಡಿ ಮಣ್ಣನ್ನು ಬೇಲಿ ಬದಿಗೆ ಸುರಿದಿದ್ದೆ. ಮುಂದಿನ ವಸಂತದಲ್ಲಿ ಅಲ್ಲೇ ಎರಡು ಸಸಿ ಎದ್ದವು. ಇದು ಬಟಾಣಿ ಬಳಗದ ಗಿಡ. ಬೀಜದ ಸಿಪ್ಪೆ ತುಂಬಾ ಗಟ್ಟಿ, ನೀರು ಒಳಗೆ ಇಳಿಯುವುದೇ ಇಲ್ಲ. ಉಳಿದ ಹತ್ತು ಬೀಜವನ್ನು ಎರಡು ಉಪ್ಪುಕಾಗದದ ನಡುವೆ ಇಟ್ಟು ಮೆಲ್ಲಗೆ ಉಜ್ಜಿ. ಮೇಲಿನ ಹೊಳಪು ಹೋದರೆ ಸಾಕು, ಒಳಗಿನ ಬೇಳೆಗೆ ಗಾಯ ಆಗಬಾರದು. ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ 24 ಗಂಟೆ ನೆನೆಸಿ. ಊದಿದ್ದನ್ನು 1 ಸೆಂ.ಮೀ. ಆಳಕ್ಕೆ ಬಿತ್ತಿ. ಊದದಿದ್ದರೆ ಮತ್ತೆ ಉಜ್ಜಿ. ಇಷ್ಟು ಮಾಡಿದರೂ ಅವಸರ ಮಾಡಬೇಡಿ. ನನಗೆ ಮೊದಲ ಮೊಳಕೆ ಕಂಡಿದ್ದು ನಾಲ್ಕನೇ ವಾರ, ಕೊನೆಯದು ಒಂಬತ್ತನೇ ವಾರ. ಕುಂಡ ತಂಪಾದ ಜಾಗದಲ್ಲಿರಲಿ, ಇದು ಚಳಿ ಪ್ರದೇಶದ ಗಿಡ.

ಇನ್ನೊಬ್ಬರು: ಮೊಳೆತ ಮೇಲಿನ ಮಾತು ನಾನು ಹೇಳುತ್ತೇನೆ. ತಾಯಿಬೇರು ಬೇಗ ಆಳಕ್ಕೆ ಹೋಗುತ್ತದೆ, ಹಾಗಾಗಿ ಚಿಕ್ಕದಿದ್ದಾಗಲೇ ಕಾಯಂ ಜಾಗಕ್ಕೆ ಹಾಕಿಬಿಡಿ. ದೊಡ್ಡದಾದ ಮೇಲೆ ಕಿತ್ತು ನೆಟ್ಟ ನನ್ನ ಮೂರು ಗಿಡವೂ ಹೋದವು, ಈಗಲೂ ಬೇಜಾರಿದೆ. ನೀರು ಬಸಿದು ಹೋಗುವ, ಸ್ವಲ್ಪ ಸುಣ್ಣದ ಅಂಶವಿರುವ ಮಣ್ಣು ಇದಕ್ಕೆ ಇಷ್ಟ. ಅರೆನೆರಳಾದರೂ ನಡೆಯುತ್ತದೆ. ಕಾಂಡ ಅಂಕುಡೊಂಕಾಗಿ ಒಂದು ಮೀಟರ್‌ವರೆಗೂ ಹರಡುತ್ತದೆ, ಜಾಗ ಬಿಡಿ. ಬೇರುಗಂಟಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಕೊಡುತ್ತವೆ, ಅದಕ್ಕೆ ಯೂರಿಯಾ ಹಾಕಬೇಡಿ. ನನ್ನದು ಹೂ ಬಿಟ್ಟಿದ್ದು ಎರಡನೇ ಬೇಸಿಗೆಯಲ್ಲಿ. ಹಸಿರು ಬೆರೆತ ಕೆನೆಬಣ್ಣದ ಹೂ, ದಪ್ಪ ದುಂಬಿಗಳು ದಿನವಿಡೀ ಅಲ್ಲೇ. ಆಮೇಲೆ ಬಾಗಿದ ಕಾಯಿಗಳು ಗೊಂಚಲಾಗಿ ನೆಟ್ಟಗೆ ನಿಲ್ಲುತ್ತವೆ. ಚಳಿಗಾಲದಲ್ಲಿ ಕಾಂಡ ಸಾಯುತ್ತದೆ, ಬೇರು ಬದುಕಿರುತ್ತದೆ.

ಎಲೆ, ಬೇರಿನ ಬಗ್ಗೆ ಬರೆದವರು: ಇಲ್ಲಿ ಗೊಂದಲ ಜಾಸ್ತಿ ಅಲ್ವಾ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಕೊಟ್ಟ ಗ್ಲೈಸಿಫಿಲೋಸ್ ಎಂಬ ಹೆಸರಿನ ಅರ್ಥವೇ ‘ಸಿಹಿ ಎಲೆ’. ಯುರೋಪಿನಲ್ಲಿ ಎಲೆಯ ಚಹಾ ಮಾಡುವ ರೂಢಿ ಇತ್ತು. ನಾನು ಒಂದು ಎಲೆ ಅಗಿದು ನೋಡಿದ್ದೇನೆ: ಮೊದಲು ಸಿಹಿ, ಆಮೇಲೆ ಕಹಿ. ಆದರೆ ಇದು ಅತಿಮಧುರ ಅಲ್ಲ, ಅದು ಬೇರೆಯೇ ಗಿಡ. ಚೀನೀ ವೈದ್ಯದಲ್ಲಿ ಬೇರು ಬಳಸುವುದು ಇದರದ್ದಲ್ಲ, ಆಸ್ಟ್ರಾಗಲಸ್ ಮಂಗೋಲಿಕಸ್‌ನದ್ದು. ಟ್ರಾಗಕಾಂತ್ ಎಂಬ ಅಂಟು ಬರುವುದು ಆಸ್ಟ್ರಾಗಲಸ್ ಕುಲದ ಇತರ ಜಾತಿಗಳಿಂದ. ಈ ಕುಲದಲ್ಲಿ 3,000ಕ್ಕೂ ಹೆಚ್ಚು ಜಾತಿಗಳಿವೆ, ವಿಷದವೂ ಇವೆ. ಉತ್ತರ ಅಮೆರಿಕದಲ್ಲಿ ಲೋಕೋವೀಡ್ ಎಂದು ಕರೆಯುವ ಜಾತಿಗಳಲ್ಲಿ ಸ್ವೈನ್ಸೊನೀನ್ ಎಂಬ ವಿಷವಿದೆ. ವಾರಗಟ್ಟಲೆ ಮೇಯ್ದ ದನ, ಕುದುರೆಗಳ ನರಮಂಡಲವೇ ಕೆಡುತ್ತದೆ. ಕೆಲವು ಜಾತಿ ಮಣ್ಣಿನ ಸೆಲೆನಿಯಂ ಎಂಬ ಧಾತುವನ್ನು ಎಳೆದು ಕೂಡಿಟ್ಟುಕೊಳ್ಳುತ್ತವೆ, ಅದು ಹೆಚ್ಚಾದರೆ ವಿಷವೇ. ಆದ್ದರಿಂದ ಹೂ, ಕಾಯಿ ಬಂದು ಗುರುತು ಖಚಿತವಾಗುವವರೆಗೆ ಬಾಯಿಗೆ ಹಾಕಬೇಡಿ. ಎಲೆಯಲ್ಲಿ ನಾಲ್ಕರಿಂದ ಏಳು ಜೋಡಿ ಕಿರುಎಲೆ, ತುದಿಯಲ್ಲಿ ಒಂದು ಒಂಟಿ, ಅದನ್ನೂ ಎಣಿಸಿ. ಔಷಧಿಯಾಗಿ ಸುಮ್ನೆ ಕುಡಿಯುವುದಂತೂ ಬೇಡ. ಹಾಗೆ ಬೇಕಿದ್ದರೆ ವೈದ್ಯರನ್ನು ಕೇಳಿ.

ಕೇಳಿದವರು: ಎಲ್ಲರಿಗೂ ತುಂಬಾ ಧನ್ಯವಾದ. ಕುಂಡವನ್ನು ನೆರಳಿಗೆ ಸರಿಸಿದೆ. ಚಹಾದ ಯೋಚನೆ ಸದ್ಯಕ್ಕೆ ಬಿಟ್ಟೆ. ನಿನ್ನೆ ಹತ್ತು ಬೀಜ ಉಜ್ಜಿ ನೆನೆಸಿದ್ದೆ, ಇವತ್ತು ನೋಡಿದರೆ ಏಳು ಊದಿವೆ. ಉಳಿದ ಮೂರನ್ನು ಈಗ ಮತ್ತೆ ಉಜ್ಜುತ್ತೇನೆ.